ಬಟನ್ ಒತ್ತಿದರೆ ಫ್ಯಾನ್ ಮಿಸುಕಿ ನಿಲ್ಲುವ ಕಂಪ್ಯೂಟರ್: ಮದರ್‌ಬೋರ್ಡ್ ಬದಲಿಸುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. 2019ರಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಬಳಸುತ್ತಿದ್ದೇನೆ: ಇಂಟೆಲ್ ಐ3-9100ಎಫ್ ಪ್ರೊಸೆಸರ್, ಎಚ್310 ಮದರ್‌ಬೋರ್ಡ್, 8 ಜಿಬಿ ರ್ಯಾಮ್, ಒಂದು ಚಿಕ್ಕ ಗ್ರಾಫಿಕ್ಸ್ ಕಾರ್ಡ್. ಎರಡು ತಿಂಗಳಿಂದ ಬೆಳಿಗ್ಗೆ ಹೊತ್ತು ಪವರ್ ಬಟನ್ ಮೂರ್ನಾಲ್ಕು ಸಲ ಒತ್ತಿದ ಮೇಲೆಯೇ ಆನ್ ಆಗುತ್ತಿತ್ತು. ಒಮ್ಮೆ ಆನ್ ಆದರೆ ಸಂಜೆಯವರೆಗೆ ಏನೂ ತೊಂದರೆ ಇರಲಿಲ್ಲ. ಕಳೆದ ವಾರ ಗುಡುಗು ಸಿಡಿಲಿನ ಮಳೆ ಬಂದು ಕರೆಂಟ್ ಹೋಗಿ ಬಂತು. ಮರುದಿನದಿಂದ ಬಟನ್ ಒತ್ತಿದರೆ ಫ್ಯಾನ್ ಒಮ್ಮೆ ಮಿಸುಕಿ ನಿಂತುಬಿಡುತ್ತದೆ. ಬೋರ್ಡಿನ ಮೇಲಿನ ಸಣ್ಣ ಲೈಟ್ ಉರಿಯುತ್ತಿದೆ, ಯುಪಿಎಸ್ ಸರಿ ಇದೆ. ಯಾರೋ ಹೇಳಿದರೆಂದು ಬೋರ್ಡಿನ ಸೆಲ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ರಿಪೇರಿಯವರು ಕಂಪ್ಯೂಟರಿಗೆ ಪವರ್ ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನ ಹಸಿರು ಮತ್ತು ಕಪ್ಪು ವಯರ್ ಜೋಡಿಸಿ, ಅದರ ಫ್ಯಾನ್ ತಿರುಗುವುದನ್ನು ತೋರಿಸಿ, "ಎಸ್‌ಎಂಪಿಎಸ್ ಚೆನ್ನಾಗಿದೆ, ಸಿಡಿಲಿಗೆ ಬೋರ್ಡ್ ಹೋಗಿದೆ" ಎಂದರು. ಹೊಸ ಬೋರ್ಡ್ ಹಾಕಿಸಲೇ? ಹಾರ್ಡ್ ಡಿಸ್ಕಿನಲ್ಲಿ ಆರು ವರ್ಷದ ಗಿರಾಕಿಗಳ ಫೈಲುಗಳಿವೆ, ಅವು ಸಿಗುತ್ತವೆಯೇ?

ಉತ್ತರ: ಮೊದಲು ಫೈಲುಗಳ ವಿಷಯ, ಏಕೆಂದರೆ ನಿಮ್ಮ ನಿಜವಾದ ಆತಂಕ ಅದೇ. ಕಂಪ್ಯೂಟರ್ ಆನ್ ಆಗದಿರುವುದಕ್ಕೂ ಹಾರ್ಡ್ ಡಿಸ್ಕ್ ಹಾಳಾಗುವುದಕ್ಕೂ ನೇರ ಸಂಬಂಧವಿಲ್ಲ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿನ ಸಾಟಾ (ಡಿಸ್ಕ್ ಜೋಡಿಸುವ) ಕೇಬಲ್ಲಿಗೆ ಹಾಕಿದರೆ ಫೈಲುಗಳು ಸಿಗುವ ಸಾಧ್ಯತೆಯೇ ಹೆಚ್ಚು. ಯುಎಸ್‌ಬಿ ಅಡಾಪ್ಟರ್ ಬಳಸುವುದಾದರೆ, 3.5 ಇಂಚಿನ ಡಿಸ್ಕಿಗೆ 12 ವೋಲ್ಟಿನ ಪ್ರತ್ಯೇಕ ಪವರ್ ಇರುವ ಅಡಾಪ್ಟರ್ ಬೇಕು, 2.5 ಇಂಚಿನದಕ್ಕೆ ಯುಎಸ್‌ಬಿ ಪವರ್ ಸಾಕು. ಬೇರೆ ಏನೇ ರಿಪೇರಿ ಶುರು ಮಾಡುವ ಮೊದಲು ಇದನ್ನು ಮಾಡಿ ಮುಗಿಸಿ. ಎಸ್‌ಎಂಪಿಎಸ್ ಬಗ್ಗೆ ಅನುಮಾನವಿರುವಾಗ ಆ ಡಿಸ್ಕನ್ನು ಅದಕ್ಕೆ ಜೋಡಿಸಿಟ್ಟು ಮತ್ತೆ ಮತ್ತೆ ಬಟನ್ ಒತ್ತಿ ಪರೀಕ್ಷಿಸುವುದು ಬೇಡ.

ಒಂದು ಎಚ್ಚರಿಕೆ. ನೀವು ವಿಂಡೋಸ್ 11ಕ್ಕೆ ಹೋಗಿದ್ದು, ಅದರಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿನ ಫೈಲುಗಳಿಗೆ ಬೀಗ ಹಾಕುವ ವ್ಯವಸ್ಥೆ) ಆನ್ ಆಗಿದ್ದರೆ, ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದಾಗ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿದ್ದವರಿಗೆ ಆ ಕೀ ಸಾಮಾನ್ಯವಾಗಿ ಅದೇ ಅಕೌಂಟಿನಲ್ಲಿ ಇರುತ್ತದೆ. ಫೋನಿನಲ್ಲೇ ಲಾಗಿನ್ ಆಗಿ ನೋಡಿ, ಬರೆದಿಟ್ಟುಕೊಳ್ಳಿ. ಬೋರ್ಡ್ ಬದಲಿಸಿದರೂ ಇದೇ ಕೀ ಬೇಕಾಗುತ್ತದೆ.

ಸಿಡಿಲಿಗೂ ಮೊದಲಿನ ಎರಡು ತಿಂಗಳು

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಸಿಡಿಲಿನ ಮೇಲಲ್ಲ, "ಬೆಳಿಗ್ಗೆ ಮೂರ್ನಾಲ್ಕು ಸಲ ಒತ್ತಬೇಕಿತ್ತು, ಆಮೇಲೆ ಸಂಜೆಯವರೆಗೆ ತೊಂದರೆ ಇರಲಿಲ್ಲ" ಎಂಬ ಮಾತಿನ ಮೇಲೆ. ಇದು ಎಸ್‌ಎಂಪಿಎಸ್ ಸೊರಗುತ್ತಿರುವುದರ ಬಹಳ ಪರಿಚಿತ ಲಕ್ಷಣ. ಕಾರಣ ತಿಳಿಯಬೇಕಾದರೆ ಬಟನ್ ಒತ್ತಿದಾಗ ಒಳಗೆ ಏನಾಗುತ್ತದೆ ಎಂಬುದನ್ನು ನೋಡಬೇಕು.

ಗೋಡೆಯ ಸ್ವಿಚ್ ಹಾಕಿದ ಕೂಡಲೇ ಎಸ್‌ಎಂಪಿಎಸ್‌ನ ಒಂದು ಸಣ್ಣ ಭಾಗ ಎಚ್ಚರವಾಗಿ, ನೇರಳೆ ಬಣ್ಣದ ವಯರಿನಲ್ಲಿ 5 ವೋಲ್ಟ್ ಕೊಡಲು ಆರಂಭಿಸುತ್ತದೆ. ಇದೇ ಸ್ಟ್ಯಾಂಡ್‌ಬೈ ಪವರ್. ಕಂಪ್ಯೂಟರ್ ಶಟ್‌ಡೌನ್ ಆಗಿದ್ದಾಗಲೂ ಇದು ಇರುತ್ತದೆ. ನೀವು ಪವರ್ ಬಟನ್ ಒತ್ತಿದಾಗ ಬಟನ್ನಿಂದ ನೇರವಾಗಿ ಎಸ್‌ಎಂಪಿಎಸ್‌ಗೆ ಏನೂ ಹೋಗುವುದಿಲ್ಲ. ಬಟನ್ ಬೋರ್ಡಿಗೆ ಹೇಳುತ್ತದೆ, ಬೋರ್ಡ್ ಆ ಸ್ಟ್ಯಾಂಡ್‌ಬೈ 5 ವೋಲ್ಟಿನ ಬಲದಲ್ಲೇ ಯೋಚಿಸಿ ಹಸಿರು ವಯರನ್ನು ಸೊನ್ನೆ ವೋಲ್ಟಿಗೆ ಎಳೆಯುತ್ತದೆ. ಆಗ ಎಸ್‌ಎಂಪಿಎಸ್ ತನ್ನ ದೊಡ್ಡ ಭಾಗವನ್ನು ಚಾಲೂ ಮಾಡಿ ಹಳದಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್ ಕೊಡುತ್ತದೆ. ಇವೆಲ್ಲ ನೆಲೆಗೊಂಡ ಮೇಲೆ, ಅರ್ಧ ಸೆಕೆಂಡಿನೊಳಗೆ, ಬೂದು ವಯರಿನಲ್ಲಿ "ಪವರ್ ಸರಿ ಇದೆ" ಎಂಬ ಸಂಕೇತ ಹೋಗುತ್ತದೆ. ಆ ಸಂಕೇತ ಬಂದ ಮೇಲೆಯೇ ಪ್ರೊಸೆಸರ್ ಕೆಲಸ ಶುರು ಮಾಡುವುದು. ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ಹೊರಗಿನಿಂದ ನೋಡುವವರಿಗೆ "ಆನ್ ಆಗುತ್ತಿಲ್ಲ" ಅಷ್ಟೇ.

ಸ್ಟ್ಯಾಂಡ್‌ಬೈ ಭಾಗಕ್ಕೆ ಬಿಡುವೇ ಇಲ್ಲ. ಗೋಡೆಯ ಸ್ವಿಚ್ ಆಫ್ ಮಾಡದ ಅಂಗಡಿಗಳಲ್ಲಿ ಅದು ವರ್ಷವಿಡೀ ಹಗಲೂ ರಾತ್ರಿ ಬಿಸಿಯಾಗಿಯೇ ಇರುತ್ತದೆ. ವೋಲ್ಟೇಜ್ ಏರಿಳಿಯದಂತೆ ಹಿಡಿದಿಡುವ, ಅಲ್ಲಿರುವ ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳೊಳಗಿನ ದ್ರವ ನಿಧಾನವಾಗಿ ಒಣಗುತ್ತದೆ. ಸುತ್ತಲಿನ ಉಷ್ಣತೆ 10 ಡಿಗ್ರಿ ಹೆಚ್ಚಾದರೆ ಅವುಗಳ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಇಲೆಕ್ಟ್ರಾನಿಕ್ಸಿನಲ್ಲಿ ಎಲ್ಲರೂ ಬಳಸುವ ಲೆಕ್ಕ. ಒಣಗಿದ ಕೆಪಾಸಿಟರಿನ ಒಳಗಿನ ತಡೆ ಏರುತ್ತದೆ, ಚಳಿಯಲ್ಲಂತೂ ಇನ್ನೂ ಏರುತ್ತದೆ. ಹಾಗಾಗಿ ಮಲೆನಾಡಿನ ತಣ್ಣನೆ ಬೆಳಿಗ್ಗೆ ಮೊದಲ ಸಲ ಒತ್ತಿದಾಗ ವೋಲ್ಟೇಜ್ ಕುಸಿಯುತ್ತದೆ. ನಾಲ್ಕು ಸಲ ಒತ್ತುವಷ್ಟರಲ್ಲಿ ಸ್ವಲ್ಪ ಬೆಚ್ಚಗಾಗಿ ಕೆಲಸ ಮಾಡುತ್ತದೆ. ನೀವು ಬರೆದದ್ದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಸಿಡಿಲಿನ ದಿನದ ಏರಿಳಿತ ಮೊದಲೇ ಸೊರಗಿದ್ದ ಆ ಭಾಗವನ್ನು ಪೂರ್ತಿ ಮಲಗಿಸಿರಬಹುದು. ಸಿಡಿಲು ಬೋರ್ಡಿಗೂ ಬಡಿದಿರುವ ಸಾಧ್ಯತೆ ಇದ್ದೇ ಇದೆ, ಅದನ್ನು ತಳ್ಳಿಹಾಕುತ್ತಿಲ್ಲ. ಆದರೆ ಈಗ ಕೈಯಲ್ಲಿರುವ ಸಾಕ್ಷ್ಯದ ಮೇಲೆ ಬೋರ್ಡಿಗೆ ದುಡ್ಡು ಹಾಕುವುದು ಆತುರವಾಗುತ್ತದೆ.

ಲೈಟ್ ಉರಿಯುವುದು, ಫ್ಯಾನ್ ತಿರುಗುವುದು ಏನನ್ನು ಹೇಳುತ್ತದೆ

ಬೋರ್ಡಿನ ಲೈಟಿಗೆ ಬೇಕಾದ ಕರೆಂಟ್ ತೀರಾ ಕಡಿಮೆ. ನಲ್ಲಿಯಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಪೈಪಿನಲ್ಲಿ ನೀರಿದೆ ಎಂದು ಗೊತ್ತಾಗುತ್ತದೆಯೇ ಹೊರತು ಒತ್ತಡ ಎಷ್ಟಿದೆ ಎಂದಲ್ಲ. ಆ ಲೈಟೂ ಹಾಗೆಯೇ. ಸ್ಟ್ಯಾಂಡ್‌ಬೈ 4 ವೋಲ್ಟಿಗೆ ಕುಸಿದಿದ್ದರೂ ಅದು ಉರಿಯುತ್ತದೆ.

ಹಸಿರು-ಕಪ್ಪು ಜೋಡಿಸುವ ಪರೀಕ್ಷೆ ಒಂದು ದಿಕ್ಕಿನಲ್ಲಿ ಮಾತ್ರ ನಂಬಬಹುದಾದದ್ದು. ಜೋಡಿಸಿದರೂ ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ ಸತ್ತಿದೆ ಎನ್ನಲು ಅಡ್ಡಿಯಿಲ್ಲ (ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಬಿಸಿಯಾಗುವವರೆಗೆ ಫ್ಯಾನೇ ತಿರುಗುವುದಿಲ್ಲ, ಅದೊಂದು ಬಿಟ್ಟು). ಆದರೆ ಫ್ಯಾನ್ ತಿರುಗಿದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಭಾರವೇ ಇಲ್ಲದೆ ಫ್ಯಾನ್ ತಿರುಗಿಸಿದ ಎಸ್‌ಎಂಪಿಎಸ್, ಬೋರ್ಡೂ ಪ್ರೊಸೆಸರೂ ಕರೆಂಟ್ ಕೇಳಿದ ಕ್ಷಣ ಕುಸಿಯಬಹುದು. ಇನ್ನೊಂದು ವಿಷಯ: ಈ ಪರೀಕ್ಷೆಯಲ್ಲಿ ಹಸಿರು ವಯರನ್ನು ಎಳೆದದ್ದು ತಂತಿ. ಬೋರ್ಡಿಗೆ ಅದನ್ನು ಎಳೆಯುವ ಶಕ್ತಿ ಕೊಡಬೇಕಾದ ಸ್ಟ್ಯಾಂಡ್‌ಬೈಯ ನಿಜವಾದ ಪರೀಕ್ಷೆ ಆಗಲೇ ಇಲ್ಲ. ಹಾಗಾಗಿ ಆ ಪರೀಕ್ಷೆಯಿಂದ ಬೋರ್ಡ್ ಹೋಗಿದೆ ಎಂಬ ತೀರ್ಮಾನಕ್ಕೆ ಬರಲಾಗದು.

ಸೆಲ್ಲಿನ ವಿಷಯ ಬೇಗ ಮುಗಿಸೋಣ. ಸಿಆರ್2032 ಸೆಲ್ ಗಡಿಯಾರ ಮತ್ತು ಬಯಾಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗುಗಳನ್ನು ಉಳಿಸುತ್ತದೆ. ಅದು ಸತ್ತರೆ ತಾರೀಖು ತಪ್ಪುತ್ತದೆ, ಸೆಟ್ಟಿಂಗ್ ಮರೆತುಹೋಗುತ್ತದೆ. ಫ್ಯಾನ್ ಮಿಸುಕಿ ನಿಲ್ಲುವುದು ಸಾಮಾನ್ಯವಾಗಿ ಅದರಿಂದಲ್ಲ. ಹೊಸದು ಹಾಕಿದ್ದೀರಿ, ಇರಲಿ.

ಪರೀಕ್ಷೆಯ ಕ್ರಮ

ಯುಪಿಎಸ್ ಬಿಟ್ಟು ನೇರ ಗೋಡೆಯ ಪಾಯಿಂಟಿಗೆ ಹಾಕಿ ನೋಡಿ. ಯುಪಿಎಸ್‌ನ ಲೈಟ್ ಅದಕ್ಕೆ ಕರೆಂಟ್ ಬರುತ್ತಿದೆ ಎಂದಷ್ಟೇ ಹೇಳುತ್ತದೆ, ಹೊರಗೆ ಏನು ಹೋಗುತ್ತಿದೆ ಎಂದಲ್ಲ. ಪವರ್ ಕಾರ್ಡನ್ನೂ ಬದಲಿಸಿ. ಹೆಚ್ಚಿನ ಮಾನಿಟರುಗಳ ಕಾರ್ಡ್ ಇದೇ ನಮೂನೆಯದು. ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಗೀಟು ಗುರುತಿನ ಕಡೆ ಇರಬೇಕು, ಸೊನ್ನೆ ಕಡೆ ಅಲ್ಲ. ಅಗ್ಗದ ಹಳೆಯ ಕೆಲವು ಎಸ್‌ಎಂಪಿಎಸ್‌ಗಳಲ್ಲಿ 115/230 ಎಂಬ ಕೆಂಪು ಸ್ವಿಚ್ ಇರುತ್ತದೆ. ಅದು 230ರಲ್ಲೇ ಇರಬೇಕು. 115ಕ್ಕೆ ಸರಿಸಿ ನಮ್ಮ ಕರೆಂಟ್ ಕೊಟ್ಟರೆ ಢಬ್ ಎಂದು ಸಿಡಿಯುತ್ತದೆ.

ನಂತರ ಪವರ್ ಕಾರ್ಡ್ ಕಿತ್ತು, ಪ್ರಿಂಟರ್, ಪೆನ್ ಡ್ರೈವ್, ಲ್ಯಾನ್ ಕೇಬಲ್, ಕೀಬೋರ್ಡ್, ಮೌಸ್ ಎಲ್ಲವನ್ನೂ ತೆಗೆಯಿರಿ. ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ, ಐದು ನಿಮಿಷ ಬಿಟ್ಟು ಬರೀ ಪವರ್ ಕಾರ್ಡ್ ಹಾಕಿ ಪ್ರಯತ್ನಿಸಿ. ಎಸ್‌ಎಂಪಿಎಸ್ ಅಪಾಯ ಕಂಡು ತನ್ನನ್ನು ತಾನೇ ಬೀಗ ಹಾಕಿಕೊಂಡಿದ್ದರೆ ಇದರಿಂದ ತೆರೆದುಕೊಳ್ಳುತ್ತದೆ. ಕ್ಯಾಬಿನೆಟ್ಟಿನ ಮುಂದಿನ ಯುಎಸ್‌ಬಿ ಪೋರ್ಟುಗಳ ಒಳಗೆ ಟಾರ್ಚ್ ಬಿಟ್ಟು ನೋಡಿ. ಡಿಟಿಪಿ ಅಂಗಡಿಯಲ್ಲಿ ದಿನಕ್ಕೆ ಎಷ್ಟೋ ಪೆನ್ ಡ್ರೈವ್ ಹಾಕಿ ತೆಗೆಯುತ್ತೀರಿ. ಒಳಗಿನ ಪಿನ್ ಬಾಗಿ ಪಕ್ಕದ ಲೋಹಕ್ಕೆ ತಾಗಿದರೆ 5 ವೋಲ್ಟ್ ಶಾರ್ಟ್ ಆಗಿ, ಫ್ಯಾನ್ ಮಿಸುಕಿ ನಿಲ್ಲುವ ಇದೇ ಲಕ್ಷಣ ಬರಬಹುದು. ಬೋರ್ಡಿನ ಮೇಲಿರುವ ಆ ಪೋರ್ಟುಗಳ ಕನೆಕ್ಟರನ್ನೂ ಕಿತ್ತಿಡಿ.

ಕ್ಯಾಬಿನೆಟ್ ತೆರೆಯುವಾಗ ಪವರ್ ಕಾರ್ಡ್ ಕಿತ್ತಿರಬೇಕು, ಲೋಹದ ಭಾಗವನ್ನು ಒಮ್ಮೆ ಮುಟ್ಟಿ ಮೈಯಲ್ಲಿನ ಸ್ಥಾಯಿ ವಿದ್ಯುತ್ ಇಳಿಸಿಕೊಳ್ಳಬೇಕು. ಮುಂದಿನ ಪವರ್ ಬಟನ್ನೇ ಕೆಟ್ಟು ಒಳಗೆ ಅಂಟಿಕೊಂಡಿದ್ದರೂ ಕಂಪ್ಯೂಟರ್ ಆನ್ ಆಗಿ ನಾಲ್ಕೈದು ಸೆಕೆಂಡಿನಲ್ಲಿ ಆಫ್ ಆಗುತ್ತದೆ. ಅದನ್ನು ಹೊರಗಿಡಲು ಬೋರ್ಡಿನ ಮೂಲೆಯಲ್ಲಿ ಪವರ್ ಸ್ವಿಚ್ ಎಂದು ಬರೆದಿರುವ ಎರಡು ಪಿನ್ನುಗಳ ಕನೆಕ್ಟರ್ ಕಿತ್ತು, ಮತ್ತೆ ಕರೆಂಟ್ ಕೊಟ್ಟು, ಸ್ಕ್ರೂಡ್ರೈವರ್ ತುದಿಯಿಂದ ಆ ಎರಡು ಪಿನ್ನುಗಳನ್ನು ಅರೆಕ್ಷಣ ಮಾತ್ರ ಮುಟ್ಟಿಸಿ. ಅಲ್ಲಿರುವುದು ಸಣ್ಣ ವೋಲ್ಟೇಜ್, ನಿಮಗೆ ಅಪಾಯವಿಲ್ಲ. ಬೇರೆ ಪಿನ್ನಿಗೆ ತಾಗದಂತೆ ನೋಡಿಕೊಂಡರೆ ಸಾಕು.

ಇನ್ನೂ ಆನ್ ಆಗದಿದ್ದರೆ ಅಗತ್ಯವಿದ್ದಷ್ಟನ್ನೇ ಉಳಿಸಿ: ಬೋರ್ಡ್, ಪ್ರೊಸೆಸರ್ ಮತ್ತು ಅದರ ಫ್ಯಾನ್, ಒಂದೇ ರ್ಯಾಮ್. ನಿಮ್ಮ ಪ್ರೊಸೆಸರಿನ ಹೆಸರಿನ ಕೊನೆಯ ಎಫ್ ಎಂದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಆದ್ದರಿಂದ ಪರದೆಯಲ್ಲಿ ಚಿತ್ರ ನೋಡಬೇಕಾದರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಆದರೆ ಈಗ ನೋಡಬೇಕಿರುವುದು ಫ್ಯಾನ್ ನಿಲ್ಲದೆ ತಿರುಗುತ್ತದೆಯೇ ಎಂಬುದನ್ನು ಮಾತ್ರ. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ತೆಗೆದೇ ಪರೀಕ್ಷಿಸಿ. ಕಾರ್ಡ್ ತೆಗೆದಾಗ ಫ್ಯಾನ್ ನಿಂತು ಹೋಗದೆ ತಿರುಗಿದರೆ ಕಾರ್ಡೇ ಶಾರ್ಟ್ ಆಗಿರಬಹುದು, ಇಲ್ಲವೇ ಸೊರಗಿದ ಎಸ್‌ಎಂಪಿಎಸ್‌ಗೆ ಅಷ್ಟು ಭಾರವೂ ಹೆಚ್ಚಾಗಿರಬಹುದು.

ಮೀಟರ್ ಹಿಡಿದು

ಈಗ ತೀರ್ಪು ಕೊಡುವ ಹಂತ. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ಸಾಕು, 20 ವೋಲ್ಟ್ ಡಿಸಿಗೆ ಇಡಿ. 24 ಪಿನ್ನಿನ ದೊಡ್ಡ ಕನೆಕ್ಟರ್ ಬೋರ್ಡಿಗೆ ಹಾಕಿಯೇ ಇರಲಿ. ವಯರುಗಳು ಒಳಹೋಗುವ ಹಿಂಬದಿಯಿಂದ ಮೀಟರಿನ ಚೂಪು ತುದಿ ಇಳಿಸಿ. ಕಪ್ಪು ತುದಿ ಯಾವುದಾದರೂ ಕಪ್ಪು ವಯರಿಗೆ.

ನೇರಳೆ ವಯರಿನಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು. ಸುಮ್ಮನೆ ನೋಡಿ ಬಿಡಬೇಡಿ, ಬೇರೊಬ್ಬರಿಂದ ಬಟನ್ ಒತ್ತಿಸಿ ಅಂಕಿ ಗಮನಿಸಿ. ಒತ್ತಿದ ಕ್ಷಣ 4.5ಕ್ಕೋ ಇನ್ನೂ ಕೆಳಕ್ಕೋ ಬಿದ್ದರೆ ನಿಮ್ಮ ಎರಡು ತಿಂಗಳ ರೋಗ ಸಿಕ್ಕಿತು. ಮಲ್ಟಿಮೀಟರ್ ನಿಧಾನ, ಅತಿ ವೇಗದ ಕುಸಿತ ಅದಕ್ಕೆ ಕಾಣದೆಯೂ ಹೋಗಬಹುದು. ಆಗ ಬೋರ್ಡಿನ ಲೈಟ್ ಬಟನ್ ಒತ್ತಿದಾಗ ಮಂಕಾಗುತ್ತದೆಯೇ ನೋಡಿ.

ಹಸಿರು ವಯರಿನಲ್ಲಿ ಆಫ್ ಇದ್ದಾಗ 3ರಿಂದ 5 ವೋಲ್ಟ್ ಇರುತ್ತದೆ, ಬಟನ್ ಒತ್ತಿದಾಗ ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ನೇರಳೆ ಗಟ್ಟಿಯಾಗಿದ್ದು ಹಸಿರು ಇಳಿಯದಿದ್ದರೆ ದೋಷ ಬೋರ್ಡಿನದು ಅಥವಾ ಬಟನ್ನಿನದು. ಹಸಿರು ಇಳಿದರೂ ಹಳದಿಯಲ್ಲಿ 12 ವೋಲ್ಟ್ ನಿಲ್ಲದಿದ್ದರೆ ಒಂದೋ ಎಸ್‌ಎಂಪಿಎಸ್ ಕೆಟ್ಟಿದೆ, ಇಲ್ಲವೇ ಬೋರ್ಡಿನಲ್ಲಿ ಎಲ್ಲೋ ಶಾರ್ಟ್ ಆಗಿ ಅದು ತನ್ನನ್ನು ರಕ್ಷಿಸಿಕೊಳ್ಳುತ್ತಿದೆ. ಇವೆರಡನ್ನು ಬೇರ್ಪಡಿಸುವ ಒಂದು ಸುಳಿವು: ಶಾರ್ಟ್ ಇದ್ದಾಗ ಸಾಮಾನ್ಯವಾಗಿ ಒಮ್ಮೆ ಮಿಸುಕಿದ ಮೇಲೆ, ಗೋಡೆಯ ಸ್ವಿಚ್ ಆಫ್ ಮಾಡಿ ಹಾಕುವವರೆಗೆ ಎರಡನೇ ಸಲ ಒತ್ತಿದರೆ ಏನೂ ಆಗುವುದಿಲ್ಲ. ಸ್ಟ್ಯಾಂಡ್‌ಬೈ ಸೊರಗಿದ್ದರೆ ಒತ್ತಿದಾಗಲೆಲ್ಲ ಮಿಸುಕುತ್ತದೆ.

ಶಾರ್ಟ್ ಹುಡುಕಲು ಪವರ್ ಕಾರ್ಡ್ ಕಿತ್ತು, ಎಸ್‌ಎಂಪಿಎಸ್ ಕನೆಕ್ಟರುಗಳನ್ನು ಬೋರ್ಡಿನಿಂದ ಬಿಚ್ಚಿ. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಸಾಕೆಟ್ಟಿನಲ್ಲಿ ಹಳದಿ ವಯರ್ ಬರುವ ಪಿನ್ನಿಗೂ ಕಪ್ಪು ಬರುವ ಪಿನ್ನಿಗೂ ನಡುವೆ ಓಮ್ ಅಳೆಯಿರಿ. ಅಂಕಿ ಮೆಲ್ಲಗೆ ಏರುತ್ತ ನೂರಾರು ಓಮ್ ದಾಟಿದರೆ ಸರಿ. ಒಂದೆರಡು ಓಮಿನಲ್ಲೇ ನಿಂತರೆ, ಪ್ರೊಸೆಸರಿಗೆ ಪವರ್ ಕೊಡುವ ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಸಣ್ಣ ಬಿಡಿಭಾಗ) ಶಾರ್ಟ್ ಆಗಿದೆ ಎಂದು ಅರ್ಥ. ಪ್ರೊಸೆಸರಿನ ಒಳಗಿನ ಲೈನುಗಳಲ್ಲಿ ಓಮ್ ಸಹಜವಾಗಿಯೇ ತೀರಾ ಕಡಿಮೆ ಇರುತ್ತದೆ, ಅದನ್ನು ಅಳೆದು ಗಾಬರಿಯಾಗಬೇಡಿ. ಸಿಡಿಲಿನ ಅನುಮಾನವಿರುವುದರಿಂದ ಲ್ಯಾನ್ ಪೋರ್ಟಿನ ಪಕ್ಕದ ಚಿಪ್ಪನ್ನು ನೋಡಿ: ಕಪ್ಪಾದ ಚುಕ್ಕೆ, ಸಣ್ಣ ಬಿರುಕು, ಸುಟ್ಟ ವಾಸನೆ, ಅಥವಾ ಬರೀ ಸ್ಟ್ಯಾಂಡ್‌ಬೈ ಇದ್ದಾಗಲೇ ಮುಟ್ಟಲಾಗದಷ್ಟು ಬಿಸಿ. ಆ ಚಿಪ್ಪು ಕಂಪ್ಯೂಟರ್ ಆಫ್ ಇದ್ದಾಗಲೂ ಸ್ಟ್ಯಾಂಡ್‌ಬೈ ಪವರಿನಲ್ಲೇ ಬದುಕಿರುತ್ತದೆ. ಅದು ಸುಟ್ಟು ಶಾರ್ಟ್ ಆದರೆ ಒಳ್ಳೆಯ ಎಸ್‌ಎಂಪಿಎಸ್‌ನ ಸ್ಟ್ಯಾಂಡ್‌ಬೈಯನ್ನೂ ಕುಗ್ಗಿಸುತ್ತದೆ. ಹಾಗಾಗಿ ನೇರಳೆಯಲ್ಲಿ ಕಡಿಮೆ ಕಂಡರೆ, ಕನೆಕ್ಟರ್ ಬಿಚ್ಚಿ ಒಂಟಿಯಾಗಿಯೂ ಒಮ್ಮೆ ಅಳೆಯಿರಿ.

ಮೀಟರಿಗಿಂತ ಖಚಿತವಾದದ್ದು ಸರಿಯಿರುವ ಇನ್ನೊಂದು ಎಸ್‌ಎಂಪಿಎಸ್ ತಂದು ಹಾಕಿ ನೋಡುವುದು. ಕ್ಯಾಬಿನೆಟ್ಟಿನೊಳಗೆ ಕೂರಿಸಬೇಕಿಲ್ಲ, ಪಕ್ಕದಲ್ಲಿಟ್ಟು 24 ಪಿನ್ನಿನದನ್ನೂ ಪ್ರೊಸೆಸರ್ ಪಕ್ಕದ್ದನ್ನೂ ಹಾಕಿದರೆ ಸಾಕು, ಹತ್ತು ನಿಮಿಷದ ಕೆಲಸ. ಬೋರ್ಡ್ ಹೋಗಿದೆ ಎಂದ ರಿಪೇರಿಯವರನ್ನು ಇದನ್ನೇ ಕೇಳಿ: "ಬೇರೆ ಎಸ್‌ಎಂಪಿಎಸ್ ಹಾಕಿ ತೋರಿಸುತ್ತೀರಾ?" ಓಮ್ ಪರೀಕ್ಷೆ ಮೊದಲು ಮಾಡಿಸಿ, ಶಾರ್ಟ್ ಆದ ಬೋರ್ಡಿಗೆ ಎರವಲು ತಂದದ್ದನ್ನು ಹಾಕುವುದು ಬೇಡ.

ಒಂದು ಕೆಲಸವನ್ನು ದಯವಿಟ್ಟು ಮನೆಯಲ್ಲಿ ಮಾಡಬೇಡಿ: ಎಸ್‌ಎಂಪಿಎಸ್ ಪೆಟ್ಟಿಗೆ ಬಿಚ್ಚುವುದು. 230 ವೋಲ್ಟ್ ಎಸಿ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ, ಆ್ಯಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವವುಗಳಲ್ಲಿ 380ಕ್ಕೂ ಏರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಅದು ಉಳಿದಿರಬಹುದು, ಜೀವಕ್ಕೆ ಅಪಾಯ. ಕೆಪಾಸಿಟರ್ ಬದಲಿಸಿದರೆ ಸರಿಹೋಗುತ್ತದೆ ಎಂಬುದು ನಿಜವೇ, ಆದರೆ ಅದು ಅನುಭವಿಗಳ ಕೆಲಸ. ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಆನ್ ಮಾಡುವುದೂ ಪರಿಹಾರವಲ್ಲ. ಅದರಿಂದ ಆನ್ ಆದರೆ ರೋಗ ಯಾವುದೆಂದು ಗೊತ್ತಾಯಿತು, ಅಷ್ಟೇ. ಕೆಟ್ಟ ಎಸ್‌ಎಂಪಿಎಸ್‌ನಲ್ಲೇ ಓಡಿಸುತ್ತಾ ಹೋದರೆ ಅದು ಬೋರ್ಡನ್ನೂ ಕರೆದುಕೊಂಡು ಹೋಗುತ್ತದೆ.

ಏನು ಕೊಳ್ಳಬೇಕು

ದೋಷ ಎಸ್‌ಎಂಪಿಎಸ್‌ನದಾದರೆ ಹೊಸದರ ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರದ ವ್ಯಾಟ್ ನೋಡಬೇಡಿ, ಪಕ್ಕದ ಪಟ್ಟಿಯಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಎಂದು ನೋಡಿ. "450 ವ್ಯಾಟ್" ಎಂದು ಬರೆದು 12 ವೋಲ್ಟಿಗೆ 16 ಆಂಪಿಯರ್ ಎಂದಿದ್ದರೆ ಅದು ಕೊಡುವುದು 192 ವ್ಯಾಟ್ ಮಾತ್ರ. ನಿಮ್ಮ ಪ್ರೊಸೆಸರಿನ ರೇಟಿಂಗ್ 65 ವ್ಯಾಟ್. ಪ್ರತ್ಯೇಕ ಪವರ್ ವಯರ್ ಇಲ್ಲದ ಚಿಕ್ಕ ಗ್ರಾಫಿಕ್ಸ್ ಕಾರ್ಡ್ ಹೆಚ್ಚೆಂದರೆ 75 ವ್ಯಾಟ್. 12 ವೋಲ್ಟಿನಲ್ಲಿ 30 ಆಂಪಿಯರ್ ಆಸುಪಾಸು ಕೊಡುವ, ಹೆಸರಿರುವ ಕಂಪನಿಯ, ಮೂರು ವರ್ಷಕ್ಕೆ ಕಡಿಮೆಯಿಲ್ಲದ ವಾರಂಟಿಯ ಒಂದು ಎಸ್‌ಎಂಪಿಎಸ್ ನಿಮಗೆ ಧಾರಾಳ. ಕೇಬಲ್ ಬಿಚ್ಚಿ ಹಾಕುವ ಮಾಡ್ಯುಲರ್ ನಮೂನೆ ತಂದರೆ ಅದರ ಜೊತೆ ಬಂದ ಕೇಬಲ್ಲುಗಳನ್ನೇ ಬಳಸಿ. ಬೇರೆಯದರ ಕೇಬಲ್ ಅದರಲ್ಲಿ ಕೂರಬಹುದು, ಆದರೆ ಒಳಗಿನ ಪಿನ್ನುಗಳ ಜೋಡಣೆ ಬೇರೆಯಿದ್ದು ಹಾರ್ಡ್ ಡಿಸ್ಕ್ ಸುಟ್ಟುಹೋಗುತ್ತದೆ.

ಬೋರ್ಡೇ ಹೋಗಿದೆ ಎಂದು ಖಚಿತವಾದರೆ ಎರಡು ದಾರಿ. ಶಾರ್ಟ್ ಆದ ಮಾಸ್‌ಫೆಟ್ ಅಥವಾ ಲ್ಯಾನ್ ಚಿಪ್ಪಿನಂಥ ಒಂದೇ ಭಾಗವಾದರೆ ಶಿವಮೊಗ್ಗದಂಥ ಊರಿನಲ್ಲಿ ಚಿಪ್ ಲೆವೆಲ್ ರಿಪೇರಿ ಮಾಡುವವರ ಹತ್ತಿರ ಕೇಳಬಹುದು. ಸಿಡಿಲು ಬಡಿದ ಬೋರ್ಡಿನಲ್ಲಿ ಇನ್ನೊಂದು ಭಾಗ ಅರೆಪೆಟ್ಟಾಗಿ ಉಳಿದು ತಿಂಗಳು ಬಿಟ್ಟು ಕೈಕೊಡುವ ಅಪಾಯ ಇದರಲ್ಲಿದೆ. ಇಲ್ಲವೇ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಳಸಿದ ಬೋರ್ಡ್ ಹುಡುಕಬಹುದು. ಅಲ್ಲಿ ಮೋಸ ಹೋಗುವುದು ಒಂದು ವಿಷಯದಲ್ಲಿ: ನಿಮ್ಮ ಪ್ರೊಸೆಸರಿನ ಸಾಕೆಟ್ ಹೆಸರು ಎಲ್‌ಜಿಎ 1151, ಆದರೆ ಅದೇ ಹೆಸರಿನ ಸಾಕೆಟ್ ಇರುವ ಎಚ್110, ಬಿ250 ಬೋರ್ಡುಗಳು 6 ಮತ್ತು 7ನೇ ಪೀಳಿಗೆಗೆ ಮಾಡಿದವು, ಅವುಗಳಲ್ಲಿ ನಿಮ್ಮ 9ನೇ ಪೀಳಿಗೆಯದು ನಡೆಯುವುದಿಲ್ಲ. ಎಚ್310, ಬಿ360, ಬಿ365 ಎಂದೇ ಕೇಳಿ, ನಿಮ್ಮ ಪ್ರೊಸೆಸರನ್ನೇ ಅದರಲ್ಲಿ ಹಾಕಿಸಿ ಆನ್ ಮಾಡಿಸಿ ನೋಡಿಯೇ ದುಡ್ಡು ಕೊಡಿ.

ಕೊನೆಯದಾಗಿ ಸಿಡಿಲಿನ ಕಾಲಕ್ಕೆ. ಸಾಮಾನ್ಯ ಯುಪಿಎಸ್ಸಾಗಲಿ ಸ್ಪೈಕ್ ಬಸ್ಟರಾಗಲಿ ಹತ್ತಿರದ ಸಿಡಿಲನ್ನು ತಡೆಯಲಾರವು, ಅರ್ತಿಂಗ್ ಇಲ್ಲದ ಪಾಯಿಂಟಿನಲ್ಲಂತೂ ಅವು ಹೆಸರಿಗೆ ಮಾತ್ರ. ಎಲೆಕ್ಟ್ರಿಷಿಯನ್ನಿಂದ ಫೇಸ್‌ನಿಂದ ಅರ್ತಿಗೆ ಮತ್ತು ಫೇಸ್‌ನಿಂದ ನ್ಯೂಟ್ರಲ್ಲಿಗೆ ಎಷ್ಟು ವೋಲ್ಟ್ ಇದೆ ಎಂದು ಅಳೆಸಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಗುಡುಗು ಶುರುವಾದಾಗ ಪ್ಲಗ್ ಕೀಳುವವರು ಬಹಳ ಜನ, ಲ್ಯಾನ್ ಕೇಬಲ್ ಕೀಳುವವರು ಕಡಿಮೆ. ಮನೆಯಿಂದ ಮನೆಗೆ ಕಂಬದ ಮೇಲೆ ಹಾಯ್ದುಬಂದ ತಾಮ್ರದ ಇಂಟರ್ನೆಟ್ ಕೇಬಲ್ ನಿಮ್ಮದಾದರೆ ಅದನ್ನೂ ಕೀಳಿ. ಫೈಬರ್ ಆದರೆ ಮೋಡೆಮ್ಮಿನ ಅಡಾಪ್ಟರ್ ಮತ್ತು ಅಲ್ಲಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ವಯರ್ ಎರಡನ್ನೂ ಕೀಳಬೇಕು.